ನೆಲ್ಲಿಕಾಯಿಯ ಸಂಶೋಧನೆ ಯಾರಿಗಾಗಿ?

1939–40ರಲ್ಲಿ ಅಂದಿನ ಪಂಜಾಬ್ ಪ್ರಾಂತ್ಯದ ಹಿಸ್ಸಾರ್ ಜಿಲ್ಲೆಗೆ ಬರ ಬಡಿಯಿತು. ಈಗ ಹರಿಯಾಣಕ್ಕೆ ಸೇರಿರುವ ಒಣನೆಲ ಅದು. ಮಳೆ ಕೈಕೊಟ್ಟ ಊರಿನಲ್ಲಿ ಮೊದಲು ಕಾಣೆಯಾಗುವುದು ಸೊಪ್ಪು, ತರಕಾರಿ, ಹಣ್ಣು. ಕಾಳುಕಡ್ಡಿ ಹೇಗೋ ಹೊಂದಿಸಿಕೊಂಡು ಹೊಟ್ಟೆ ತುಂಬಿಸಿಕೊಂಡರೂ, ಹಸಿಯಾದದ್ದೇನನ್ನೂ ಕಾಣದ ದೇಹ ಎರಡು ಮೂರು ತಿಂಗಳಲ್ಲಿ ಸೋಲತೊಡಗುತ್ತದೆ. ವಸಡು ಊದಿ ರಕ್ತ ಜಿನುಗುತ್ತದೆ, ಕೀಲು ಹಿಡಿಯುತ್ತದೆ, ಹಳೆಯ ಗಾಯ ಮತ್ತೆ ಬಾಯಿ ಬಿಡುತ್ತದೆ. ಇದು ಸ್ಕರ್ವಿ. ಹಡಗಿನ ನಾವಿಕರ ರೋಗವೆಂದು ಪುಸ್ತಕದಲ್ಲಿ ಓದುವ ಈ ಕಾಯಿಲೆ ಹಿಸ್ಸಾರಿನ ರೈತರಿಗೆ ಬಂತು. ಆಗ ಅಲ್ಲಿ ಕೆಲಸಕ್ಕೆ ಬಂದದ್ದು ಒಣನೆಲ್ಲಿಯ ಪುಡಿ. ಕಿತ್ತಳೆ, ನಿಂಬೆ ಸಾಗಿಸಿ ತರುವುದು ಆಗದ ಮಾತಾಗಿದ್ದಾಗ, ವರ್ಷವಿಡೀ ಕೆಡದೆ ಉಳಿಯುವ, ಅಗ್ಗವಾಗಿ ಸಿಗುವ ಈ ಪುಡಿಯಿಂದ ಸ್ಕರ್ವಿಯನ್ನು ವಾಸಿ ಮಾಡಿದರು.

ನೆಲ್ಲಿಕಾಯಿಯ ವಿಜ್ಞಾನದ ಬಗ್ಗೆ ಯೋಚಿಸುವಾಗಲೆಲ್ಲ ನಾನು ಈ ಘಟನೆಯಿಂದಲೇ ಶುರುಮಾಡುತ್ತೇನೆ. ಅಲ್ಲಿ ಪ್ರಶ್ನೆ ಸ್ಪಷ್ಟವಾಗಿತ್ತು: ಇಂಥ ಜನ, ಇಂಥ ರೋಗ, ಕೈಗೆ ಸಿಗುವ ಇಂಥ ವಸ್ತು, ಇದರಿಂದ ವಾಸಿಯಾಗುತ್ತದೆಯೇ? ಇವತ್ತು ನೆಲ್ಲಿಕಾಯಿಯ ಮೇಲೆ ಸಾವಿರಾರು ಪ್ರಬಂಧಗಳಿವೆ. ಮಧುಮೇಹ, ಕೊಲೆಸ್ಟ್ರಾಲ್, ಕ್ಯಾನ್ಸರ್, ಮರೆವು, ಕೂದಲು, ಚರ್ಮ, ಯಾವುದನ್ನೂ ಬಿಟ್ಟಿಲ್ಲ. ಇಷ್ಟೆಲ್ಲ ಇದ್ದೂ, ಮನೆಯಲ್ಲಿ ಉಪ್ಪಿನಕಾಯಿ ಹಾಕುವ, ತಂಬುಳಿ ಮಾಡುವ ಹೆಂಗಸು ಇದು ತನ್ನ ಮಗಳ ರಕ್ತಹೀನತೆಗೆ ಒಳ್ಳೆಯದೋ ಎಂದು ಕೇಳಿದರೆ ಗಟ್ಟಿ ಉತ್ತರ ಕೊಡುವುದು ಕಷ್ಟ. ಸಂಶೋಧನೆ ಕಡಿಮೆಯಾಗಿ ಹೀಗಾಗಿಲ್ಲ. ಪ್ರಶ್ನೆಗಳು ರೋಗಿಯ ಮನೆಯಿಂದ ಹುಟ್ಟುವುದನ್ನು ಬಿಟ್ಟು ಮಾರಾಟದ ಸರಕಿನಿಂದ ಹುಟ್ಟತೊಡಗಿದ್ದರಿಂದ ಹೀಗಾಗಿದೆ ಎಂಬುದು ನನ್ನ ವಾದ. ಅದನ್ನು ಒಪ್ಪಿಸಬೇಕಾದರೆ ಕಾಯಿಯ ಒಳಗೇನಿದೆ ಎಂಬಲ್ಲಿಂದ ಹೊರಡಬೇಕು.

ನೆಲ್ಲಿಕಾಯಿ ಎಂದ ಕೂಡಲೇ ಎಲ್ಲರೂ ಹೇಳುವುದು ವಿಟಮಿನ್ ಸಿ. ನಮ್ಮ ದೇಶದ ಆಹಾರ ಕೋಷ್ಟಕಗಳು ದಶಕಗಳ ಕಾಲ 100 ಗ್ರಾಂ ಕಾಯಿಗೆ 600 ಮಿಲಿಗ್ರಾಂ ಎಂದು ಬರೆದವು. ಶಾಲೆಯ ಪಠ್ಯದಿಂದ ಜಾಹೀರಾತಿನವರೆಗೆ ಓಡಾಡಿದ್ದು ಅದೇ ಅಂಕಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊಸದಾಗಿ ಅಳೆದು ಪ್ರಕಟಿಸಿದ ಕೋಷ್ಟಕದಲ್ಲಿ ಅದು ಸುಮಾರು 250ಕ್ಕೆ ಇಳಿದಿದೆ. ಅರ್ಧಕ್ಕಿಂತಲೂ ಕಡಿಮೆ. ತಳಿ, ಹವೆ, ಕಾಯಿಯ ಬಲಿತ ಹದ ಎಲ್ಲಕ್ಕೂ ಇದರಲ್ಲಿ ಪಾಲಿರಬಹುದು. ಆದರೆ ಅಳೆಯುವ ವಿಧಾನದ ಪಾಲನ್ನು ಮಾತ್ರ ಕಡೆಗಣಿಸುವಂತಿಲ್ಲ.

ಹಳೆಯ ವಿಧಾನ ಹೀಗೆ. ಕಾಯಿಯನ್ನು ಆಮ್ಲದಲ್ಲಿ ಅರೆದು, ಸೋಸಿ, ರಸವನ್ನು ಫ್ಲಾಸ್ಕಿಗೆ ಹಾಕುತ್ತಾರೆ. ಮೇಲಿನ ಬ್ಯುರೆಟ್ಟಿನಲ್ಲಿ ಡೈಕ್ಲೋರೋಫೀನಾಲ್ ಇಂಡೋಫೀನಾಲ್ ಎಂಬ ಕಡುನೀಲಿ ಬಣ್ಣ ಇರುತ್ತದೆ. ಅದರ ಹನಿ ಆಮ್ಲಕ್ಕೆ ಬಿದ್ದರೆ ಗುಲಾಬಿಯಾಗುತ್ತದೆ. ರಸದಲ್ಲಿ ವಿಟಮಿನ್ ಸಿ ಇದ್ದರೆ ಆ ಗುಲಾಬಿ ಮರುಗಳಿಗೆಯಲ್ಲೇ ಕರಗಿ ಬಣ್ಣವಿಲ್ಲದಾಗುತ್ತದೆ. ಹನಿಹನಿಯಾಗಿ ಬಿಡುತ್ತ, ಫ್ಲಾಸ್ಕನ್ನು ಕುಲುಕುತ್ತ ಹೋಗಬೇಕು. ಯಾವ ಹನಿಯ ಗುಲಾಬಿ ಹದಿನೈದು ಸೆಕೆಂಡಾದರೂ ಮಾಸದೆ ನಿಲ್ಲುತ್ತದೋ ಅಲ್ಲಿಗೆ ವಿಟಮಿನ್ ಸಿ ಮುಗಿಯಿತು ಎಂದು ಲೆಕ್ಕ. ಚೊಕ್ಕವಾದ, ಅಗ್ಗದ, ಯಾವ ಕಾಲೇಜಿನಲ್ಲೂ ಮಾಡಬಹುದಾದ ಪರೀಕ್ಷೆ. ತೊಂದರೆ ಒಂದೇ: ತನ್ನ ಬಣ್ಣ ಕಳೆದವರು ಯಾರು ಎಂದು ಆ ಬಣ್ಣಕ್ಕೆ ಗೊತ್ತಾಗುವುದಿಲ್ಲ. ಎಲೆಕ್ಟ್ರಾನು ಕೊಡುವ ಬೇರೆ ವಸ್ತುಗಳೂ ಅದರ ಬಣ್ಣ ಕಳೆಯಬಲ್ಲವು. ನೆಲ್ಲಿಕಾಯಿಯಲ್ಲಿ ಅಂಥ ವಸ್ತುಗಳು ಧಾರಾಳವಾಗಿವೆ. ಆ ಗುಂಪಿಗೆ ಟ್ಯಾನಿನ್ ಎಂದು ಹೆಸರು. ಕಾಯಿಯ ಒಗರು ಅವುಗಳಿಂದಲೇ ಬರುವುದು.

ಈ ಟ್ಯಾನಿನ್‌ಗಳ ಕಡೆ ಮೊದಲು ಕಣ್ಣು ಹಾಯಿಸಿದವರಲ್ಲಿ ಮದರಾಸಿನ ಎಂ. ದಾಮೋದರನ್ ಮತ್ತು ಕೆ. ಆರ್. ನಾಯರ್ ಸೇರಿದ್ದಾರೆ. 1936ರಲ್ಲಿ ಅವರು ಬಯೋಕೆಮಿಕಲ್ ಜರ್ನಲ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನೆಲ್ಲಿಕಾಯಿಯಲ್ಲಿರುವ ಒಂದು ಟ್ಯಾನಿನ್ ವಿಟಮಿನ್ ಸಿ ಹಾಳಾಗದಂತೆ ಕಾಪಾಡುತ್ತದೆ ಎಂಬುದು ಅದರ ಸಾರ. ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲದ ಕೆಲಸಕ್ಕಾಗಿ ವಿಜ್ಞಾನಿ ಸೆಂಟ್‌-ಗ್ಯೋರ್ಗಿಗೆ ನೊಬೆಲ್ ಬಂದದ್ದು 1937ರಲ್ಲಿ. ಅಂದರೆ ವಿಟಮಿನ್ನಿನ ರಚನೆಯ ಸುದ್ದಿ ಇನ್ನೂ ಹೊಸದಾಗಿದ್ದಾಗಲೇ ಮದರಾಸಿನ ಈ ಇಬ್ಬರು, ಅದು ಈ ಕಾಯಿಯಲ್ಲಿ ಹೇಗೆ ಉಳಿಯುತ್ತದೆ ಎಂಬ ಎರಡನೆಯ ಪ್ರಶ್ನೆಗೆ ಹೋಗಿದ್ದರು. 1944ರಲ್ಲಿ ನೇಚರ್ ಪತ್ರಿಕೆಯಲ್ಲೂ ನೆಲ್ಲಿಕಾಯಿಯ ವಿಟಮಿನ್ ಸಿ ಮತ್ತು ಅದರ ಬಾಳಿಕೆಯ ಬಗ್ಗೆ ಎಂ. ಶ್ರೀನಿವಾಸನ್ ಬರೆದರು. ಯುದ್ಧಕಾಲ, ಹಣ್ಣು ಸಾಗಿಸುವುದು ಕಷ್ಟ, ಒಣಗಿಸಿಟ್ಟ ಕಾಯಿಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಊಟದ ತಟ್ಟೆಗೆ ಸಂಬಂಧಿಸಿದ ಪ್ರಶ್ನೆಯಾಗಿತ್ತು. ಅದೇ ಕಾಲದಲ್ಲಿ ಕುನ್ನೂರಿನ ಪೌಷ್ಟಿಕಾಂಶ ಪ್ರಯೋಗಾಲಯದಲ್ಲಿ ಡಬ್ಲ್ಯು. ಆರ್. ಐಕ್ರಾಯ್ಡ್ ನಮ್ಮ ಜನ ನಿಜವಾಗಿ ಏನನ್ನು ತಿನ್ನುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದರು. ಆ ತಲೆಮಾರಿನ ಪ್ರಶ್ನೆಗಳೆಲ್ಲ ಹೊಟ್ಟೆಯ ಸುತ್ತಲೇ ಇದ್ದವು.

ಕಥೆ ತಿರುಗಿದ್ದು 1996ರಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶಿವನಾಥ ಘೋಷಾಲ್ ಮತ್ತು ಸಂಗಡಿಗರು ನೆಲ್ಲಿಕಾಯಿಯಿಂದ ಎರಡು ಹೊಸ ಟ್ಯಾನಿನ್‌ಗಳನ್ನು ಬೇರ್ಪಡಿಸಿದ್ದಾಗಿ ಹೇಳಿ ಅವಕ್ಕೆ ಎಂಬ್ಲಿಕಾನಿನ್ ಎ ಮತ್ತು ಬಿ ಎಂದು ಹೆಸರಿಟ್ಟರು. ಕಾಯಿಯ ಗುಣಕ್ಕೆಲ್ಲ ಇವೇ ಕಾರಣ, ವಿಟಮಿನ್ ಸಿ ಎಂದು ಇದುವರೆಗೆ ಅಳೆದದ್ದು ಬೇರೆಯದನ್ನೇ ಎಂಬ ಮಾತು ಅಲ್ಲಿಂದ ಹರಡಿತು. ಕೇಳಲು ಸೊಗಸಾದ ವಾದ. ಬಣ್ಣದ ಪರೀಕ್ಷೆಯ ಕೊರತೆಯನ್ನು ಅದು ಸರಿಯಾಗಿಯೇ ಹಿಡಿದಿತ್ತು. ಆದರೆ ಹಿಸ್ಸಾರಿನ ಸಾಕ್ಷ್ಯವನ್ನು ಅದರ ಮುಂದಿಟ್ಟು ನೋಡಿ. ನಮ್ಮ ಚರ್ಮ, ವಸಡು, ರಕ್ತನಾಳಗಳನ್ನು ಹಿಡಿದಿಡುವ ಕೊಲಾಜೆನ್ ಗಟ್ಟಿಯಾಗಬೇಕಾದರೆ ಅದರ ಅಮೈನೋ ಆಮ್ಲಗಳಿಗೆ ಒಂದು ಚಿಕ್ಕ ರಾಸಾಯನಿಕ ಬದಲಾವಣೆ ಆಗಬೇಕು. ಆ ಕೆಲಸ ಮಾಡುವ ಕಿಣ್ವದ ಒಳಗಿನ ಕಬ್ಬಿಣವನ್ನು ಸರಿಯಾದ ಸ್ಥಿತಿಯಲ್ಲಿಡುವುದು ಆಸ್ಕಾರ್ಬಿಕ್ ಆಮ್ಲ. ಅದು ತಪ್ಪಿದರೆ ಸ್ಕರ್ವಿ, ಸಿಕ್ಕರೆ ವಾಸಿ. ಪುಡಿ ತಿಂದು ಸ್ಕರ್ವಿ ವಾಸಿಯಾಗಿದ್ದರೆ ಆ ಪುಡಿಯಲ್ಲಿ ನಿಜವಾದ ವಿಟಮಿನ್ ಸಿ ಇರಲೇಬೇಕು. ಪ್ರಯೋಗಾಲಯದ ಕೊರತೆಯನ್ನು ಇಲ್ಲಿ ರೋಗಿಯ ದೇಹವೇ ತುಂಬಿಕೊಟ್ಟಿದೆ.

ಮುಂದೆ ಉಪಕರಣಗಳೂ ಅದನ್ನೇ ಹೇಳಿದವು. 2006ರಲ್ಲಿ ಇಟಲಿಯ ಸ್ಕಾರ್ಟೆಜಿನಿ ಮತ್ತು ಜೊತೆಗಾರರು ದ್ರವ ಕ್ರೊಮಟೋಗ್ರಫಿಯಲ್ಲಿ ಪ್ರತಿ ವಸ್ತುವನ್ನೂ ಬಿಡಿಸಿ ನೋಡಿ, ಕಾಯಿಯಲ್ಲಿ ಆಸ್ಕಾರ್ಬಿಕ್ ಆಮ್ಲ ಇದೆ, ಕಾಯಿಯ ಉತ್ಕರ್ಷಣ ನಿರೋಧಕ ಶಕ್ತಿಯಲ್ಲಿ 45ರಿಂದ 70 ಶೇಕಡ ಪಾಲು ಆ ಆಮ್ಲದ್ದೇ ಎಂದು ತೋರಿಸಿದರು. ಕಾಯಿಯ ಪುಡಿಗೆ ಅದರದೇ ರಸವನ್ನು ಊಡಿಸಿ ಒಣಗಿಸುವ ಆಯುರ್ವೇದದ ಭಾವನಾ ಕ್ರಮದಲ್ಲಿ ವಿಟಮಿನ್ ಪ್ರಮಾಣ ಇನ್ನಷ್ಟು ಹೆಚ್ಚಿತ್ತು ಎಂಬುದನ್ನೂ ಗಮನಿಸಿದರು. 2009ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ತಂಡ ಮತ್ತೆ ಇದನ್ನು ಕೈಗೆತ್ತಿಕೊಂಡಿತು. ಕಾಯಿಯ ಮ್ಯೂಸಿಕ್ ಆಮ್ಲದ ಗ್ಯಾಲೇಟ್‌ಗಳು ಕ್ರೊಮಟೋಗ್ರಫಿಯಲ್ಲೂ ವಿಟಮಿನ್ ಸಿಯ ಜಾಗದಲ್ಲೇ ಬಂದು ಕೂತು ಲೆಕ್ಕ ಕೆಡಿಸಬಲ್ಲವು ಎಂದು ಎಚ್ಚರಿಸಿತು; ಎಂಬ್ಲಿಕಾನಿನ್‌ಗಳಿಗೆ ಆಧಾರ ಸಿಗಲಿಲ್ಲ ಎಂದಿತು; ಬೀಟಾ-ಗ್ಲೂಕೋಗ್ಯಾಲಿನ್ ಮತ್ತು ಮ್ಯೂಸಿಕ್ ಆಮ್ಲದ ಗ್ಯಾಲೇಟ್‌ಗಳನ್ನು ಮುಂದಿಟ್ಟಿತು. ಆ ಗ್ಯಾಲೇಟ್‌ಗಳನ್ನು ಚೀನಾದ ಕುನ್‌ಮಿಂಗ್ ಮತ್ತು ಜಪಾನಿನ ನಾಗಸಾಕಿಯ ವಿಜ್ಞಾನಿಗಳು 2001ರಲ್ಲೇ ಕಾಯಿಯ ರಸದಲ್ಲಿ ಗುರುತಿಸಿದ್ದರು. ಆದರೂ ಎಂಬ್ಲಿಕಾನಿನ್ ಎಂಬ ಹೆಸರು ಇವತ್ತಿಗೂ ಮಾತ್ರೆಯ ಡಬ್ಬಿಗಳ ಮೇಲೆ, ಹೊಸ ಪ್ರಬಂಧಗಳ ಪೀಠಿಕೆಯಲ್ಲಿ ಓಡಾಡುತ್ತಿದೆ. ಲೇಬಲ್ಲಿಗೆ ಏರಿದ ಹೆಸರನ್ನು ಪ್ರಯೋಗಾಲಯ ಕೆಳಗಿಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ವಿಟಮಿನ್ ಸಿ 600ರಿಂದ 250ಕ್ಕೆ ಇಳಿದರೆ ನೆಲ್ಲಿಕಾಯಿಯ ಮಾನ ಹೋಯಿತೆಂದು ಯಾರಾದರೂ ಅಂದುಕೊಂಡರೆ ಅದೂ ತಪ್ಪು. ನಮ್ಮ ದೇಶದ 2020ರ ಪೌಷ್ಟಿಕಾಂಶ ಶಿಫಾರಸಿನ ಪ್ರಕಾರ ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ, ಹೆಂಗಸಿಗೆ 65. ಒಂದು ದೊಡ್ಡ ಕಾಯಿ ಹಸಿಯಾಗಿ ತಿಂದರೆ ದಿನದ ಲೆಕ್ಕ ಮುಗಿಯಿತು. ಇದಕ್ಕಿಂತ ದೊಡ್ಡ ಸುಳ್ಳಂಕಿಯ ಆಸರೆ ಆ ಕಾಯಿಗೆ ಬೇಕೇ?

ಟ್ಯಾನಿನ್‌ಗಳ ಕೆಲಸವನ್ನು ನಾವು ಅಡುಗೆಮನೆಯಲ್ಲೇ ಕಣ್ಣಾರೆ ನೋಡುತ್ತೇವೆ. ಕಬ್ಬಿಣದ ಈಳಿಗೆಮಣೆಯಲ್ಲಿ ನೆಲ್ಲಿಕಾಯಿ ಹೆಚ್ಚಿದರೆ ಕಾಯಿಯ ಅಂಚು, ಅಲಗು, ಹೆಚ್ಚಿದವರ ಬೆರಳು ಎಲ್ಲವೂ ಕಪ್ಪಾಗುತ್ತವೆ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಇಡೀ ಕಾಯಿ ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. ಗ್ಯಾಲಿಕ್ ಆಮ್ಲದ ಬಳಗದ ಅಣುಗಳು ಕಬ್ಬಿಣವನ್ನು ಹಿಡಿದು ಕಪ್ಪು ಸಂಯುಕ್ತವಾಗುವುದೇ ಇದಕ್ಕೆ ಕಾರಣ. ಹಿಂದೆ ಮಸಿ ಮಾಡುತ್ತಿದ್ದದ್ದೂ ಇದೇ ರಸಾಯನದಿಂದ, ತಲೆಗೂದಲಿಗೆ ಹಚ್ಚುವ ನೆಲ್ಲಿಪುಡಿಯನ್ನು ಕಬ್ಬಿಣದ ಪಾತ್ರೆಯಲ್ಲಿ ನೆನೆಸಿಡುವುದೂ ಇದಕ್ಕಾಗಿಯೇ. ಈಳಿಗೆಯ ಮೇಲಿನ ಈ ಕರಿಯನ್ನು ನೆನಪಿನಲ್ಲಿಡಿ. ಹೊಟ್ಟೆಯಲ್ಲಿ ಕಬ್ಬಿಣಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಇದರಿಂದಲೇ ಏಳುತ್ತದೆ.

ಟ್ಯಾನಿನ್ ಒಳ್ಳೆಯದು, ಅದು ಉತ್ಕರ್ಷಣ ನಿರೋಧಕ ಎಂದು ಹೇಳಿ ಮುಗಿಸುವವರು ಒಂದು ಹಂತವನ್ನು ಹಾರಿಬಿಡುತ್ತಾರೆ. ಪರೀಕ್ಷಾ ನಳಿಗೆಯಲ್ಲಿ ಕಂಡ ಶಕ್ತಿ ರಕ್ತದಲ್ಲಿ ಕಾಣಬೇಕೆಂದಿಲ್ಲ. ದೊಡ್ಡ ಟ್ಯಾನಿನ್ ಅಣುಗಳು ಕರುಳಿನ ಗೋಡೆ ದಾಟುವುದೇ ಕಷ್ಟ. ಅವು ಒಡೆದು ಎಲಾಜಿಕ್ ಆಮ್ಲವಾಗಿ, ಅದನ್ನು ಕರುಳಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್ ಎಂಬ ಚಿಕ್ಕ ಅಣುಗಳಾಗಿ ಮಾರ್ಪಡಿಸಿದ ಮೇಲೆ ರಕ್ತಕ್ಕೆ ಸೇರುತ್ತವೆ. ಆ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಒಂದೇ ತೆರನಾಗಿ ಇರುವುದಿಲ್ಲ. ಕೆಲವರಲ್ಲಿ ಯುರೋಲಿಥಿನ್ ಹುಟ್ಟುವುದೇ ಇಲ್ಲ. ಹಾಗಾಗಿ ಒಂದೇ ನೆಲ್ಲಿಕಾಯಿ ಇಬ್ಬರ ಮೈಯಲ್ಲಿ ಎರಡು ಬೇರೆ ವಸ್ತುಗಳಾಗಬಹುದು. ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಂಕಿಯಲ್ಲಿ ಕೊಡುತ್ತಿದ್ದ ತನ್ನ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ಆ ಅಂಕಿಗಳು ದೇಹದೊಳಗಿನ ಪರಿಣಾಮವನ್ನು ಹೇಳುವುದಿಲ್ಲ, ಸರಕು ಮಾರುವವರು ಅವನ್ನು ದುರುಪಯೋಗ ಮಾಡುತ್ತಿದ್ದಾರೆ ಎಂಬುದು ಅದು ಕೊಟ್ಟ ಕಾರಣ. ನಮ್ಮಲ್ಲಿ ಆ ಅಂಕಿಗಳು ಇನ್ನೂ ಜಾಹೀರಾತಿನಲ್ಲಿ ಜೀವಂತ.

ಇಲಿಗಳ ಮೇಲಿನ ಪ್ರಯೋಗಗಳನ್ನು ಓದುವಾಗಲೂ ಒಂದು ಮಾತು ಮರೆಯಬಾರದು. ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೂ ಗಿನಿ ಹಂದಿಗೂ ಆ ಭಾಗ್ಯವಿಲ್ಲ. ಇಲಿಯಲ್ಲಿ ನೆಲ್ಲಿಕಾಯಿ ಮಾಡಿದ್ದನ್ನೆಲ್ಲ ನಮ್ಮ ಮೈಗೆ ಹಾಗೆಯೇ ಹೊಂದಿಸಲಾಗದು. ಹಾಗೆಂದು ಆ ಪ್ರಯೋಗಗಳನ್ನು ತಳ್ಳಿಹಾಕುವವನು ನಾನಲ್ಲ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಲ್ಲಿ ಭಾನುಪ್ರಕಾಶ್ ರೆಡ್ಡಿ ಅವರ ತಂಡ ನಡೆಸಿದ ಕೆಲಸ ಮಾದರಿಯಂಥದ್ದು. ಸಕ್ಕರೆ ಕಾಯಿಲೆಯಲ್ಲಿ ಕಣ್ಣಿನ ಮಸೂರಕ್ಕೆ ಪೊರೆ ಬರುವ ಒಂದು ದಾರಿ ಗೊತ್ತಿದೆ. ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಗ್ಲೂಕೋಸನ್ನು ಸಾರ್ಬಿಟಾಲ್ ಆಗಿ ಬದಲಿಸುತ್ತದೆ, ಅದು ಮಸೂರದಿಂದ ಹೊರಹೋಗದೆ ನೀರನ್ನು ಎಳೆದುಕೊಳ್ಳುತ್ತದೆ. ನೆಲ್ಲಿಕಾಯಿಯ ಟ್ಯಾನಿನ್‌ಗಳು ಈ ಕಿಣ್ವವನ್ನು ತಡೆಯುತ್ತವೆ ಎಂದು 2004ರಲ್ಲಿ ತೋರಿಸಿದರು. 2007ರಲ್ಲಿ, ಮಧುಮೇಹ ಬರಿಸಿದ ಇಲಿಗಳಲ್ಲಿ ಪೊರೆ ತಡವಾಗಿ ಬಂದದ್ದನ್ನು ಕಂಡರು. 2012ರಲ್ಲಿ ಅಮೆರಿಕದ ಕೊಲರಾಡೊದವರ ಜೊತೆ ಸೇರಿ, ತಡೆಯುವ ಅಣುಗಳಲ್ಲೊಂದು ಬೀಟಾ-ಗ್ಲೂಕೋಗ್ಯಾಲಿನ್ ಎಂದು ಗುರುತು ಹಿಡಿದರು. ಪ್ರಶ್ನೆಯಿಂದ ಅಂಗಕ್ಕೆ, ಅಂಗದಿಂದ ಕಿಣ್ವಕ್ಕೆ, ಕಿಣ್ವದಿಂದ ಅಣುವಿಗೆ ಹೆಜ್ಜೆ ಹೆಜ್ಜೆಯಾಗಿ ಇಳಿದ ಕೆಲಸ ಇದು, ಸರಕಾರಿ ದುಡ್ಡಿನಲ್ಲಿ ಬೆಳೆದ ಸಂಸ್ಥೆಯಲ್ಲಿ. ಇದರ ಮುಂದಿನ ಮೆಟ್ಟಿಲು ಮನುಷ್ಯನ ಕಣ್ಣು. ಅದನ್ನು ಹತ್ತಲು ವರ್ಷಗಟ್ಟಲೆ ತಾಳ್ಮೆ, ಸಾವಿರಾರು ರೋಗಿಗಳು, ದೊಡ್ಡ ಹಣ ಬೇಕು. ಕಿಣ್ವ ತಡೆಯುವ ಪ್ರಬಂಧ ಹಿಡಿದು ಮನುಷ್ಯನ ಕಣ್ಣಿಗೆ ಭರವಸೆ ಮಾರುವುದಕ್ಕೆ ಅಷ್ಟೆಲ್ಲ ಬೇಕಾಗುವುದಿಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬರೋಣ. 1988ರಲ್ಲಿ ಪ್ರಕಟವಾದ ಒಂದು ಸರಳ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. 35ರಿಂದ 55 ವರ್ಷದ ಗಂಡಸರಿಗೆ 28 ದಿನ ಹಸಿ ನೆಲ್ಲಿಕಾಯಿಯನ್ನೇ ತಿನ್ನಿಸಿದರು. ಕೊಲೆಸ್ಟ್ರಾಲ್ ಇಳಿಯಿತು. ಮೊದಲೇ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಲ್ಲಿ, ಕಾಯಿ ನಿಲ್ಲಿಸಿದ ಎರಡು ವಾರಕ್ಕೆ ಅದು ಮತ್ತೆ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೇ ಏರಿತು. ಕೊಟ್ಟರೆ ಇಳಿಕೆ, ನಿಲ್ಲಿಸಿದರೆ ಏರಿಕೆ. ಸಣ್ಣ ಅಧ್ಯಯನವೇ ಆದರೂ ಅದರ ಕಟ್ಟು ಒಳ್ಳೆಯದು. 2011ರಲ್ಲಿ ಪಾಕಿಸ್ತಾನದಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ಮಧುಮೇಹಿಗಳಿಗೂ ಆರೋಗ್ಯವಂತರಿಗೂ ದಿನಕ್ಕೆ 1ರಿಂದ 3 ಗ್ರಾಂ ನೆಲ್ಲಿಪುಡಿಯನ್ನು 21 ದಿನ ಕೊಟ್ಟು ಸಕ್ಕರೆ, ಕೊಬ್ಬು ಎರಡೂ ಇಳಿದದ್ದನ್ನು ಕಂಡರು. ಇವೆರಡರಲ್ಲೂ ಪರೀಕ್ಷೆಗೆ ಒಳಗಾದದ್ದು ಸಂತೆಯಲ್ಲಿ ಸಿಗುವ ಕಾಯಿ, ಮನೆಯಲ್ಲಿ ಮಾಡಬಹುದಾದ ಪುಡಿ.

ಆಮೇಲಿನ ಪ್ರಯೋಗಗಳು ವಿಧಾನದಲ್ಲಿ ಇವಕ್ಕಿಂತ ಬಿಗಿ. 2013ರಲ್ಲಿ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯ ಪಿ. ಉಷಾರಾಣಿ ಮತ್ತು ಸಹೋದ್ಯೋಗಿಗಳು 80 ಮಧುಮೇಹಿಗಳನ್ನು ನಾಲ್ಕು ಗುಂಪು ಮಾಡಿದರು. ಎರಡು ಗುಂಪಿಗೆ ಎರಡು ಪ್ರಮಾಣದ ನೆಲ್ಲಿಸಾರ, ಒಂದಕ್ಕೆ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ, ಒಂದಕ್ಕೆ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. 12 ವಾರದಲ್ಲಿ ನೆಲ್ಲಿಸಾರ ತೆಗೆದುಕೊಂಡವರ ರಕ್ತನಾಳಗಳ ಒಳಪದರದ ಸ್ಥಿತಿ, ಕೊಬ್ಬಿನ ಮಟ್ಟ ಸುಧಾರಿಸಿದವು. 2019ರಲ್ಲಿ 98 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ 12 ವಾರ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಸಾರ ಕೊಟ್ಟಾಗ ಕೆಟ್ಟ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಇಳಿದವು. ಇರಾನಿನಲ್ಲಿ 68 ಜನ ಎದೆಯುರಿಯ ರೋಗಿಗಳಿಗೆ ನಾಲ್ಕು ವಾರ ನೆಲ್ಲಿಮಾತ್ರೆ ಕೊಟ್ಟು, ಉರಿ ಮತ್ತು ಹುಳಿತೇಗು ಕಡಿಮೆಯಾದದ್ದನ್ನು 2018ರಲ್ಲಿ ವರದಿ ಮಾಡಿದರು. ಹುಳಿಕಾಯಿಯಿಂದ ಎದೆಯುರಿ ಶಮನ ಎಂಬುದು ಆಧುನಿಕ ವೈದ್ಯರಿಗೆ ವಿಚಿತ್ರವೆನಿಸಬಹುದು. ನೆಲ್ಲಿ ಪಿತ್ತಶಾಮಕ ಎಂದು ಹೇಳುತ್ತ ಬಂದ ನಮ್ಮ ಪಂಡಿತರಿಗೆ ಹಾಗೆನಿಸಲಾರದು.

ಇವನ್ನು ನಾನು ಗೌರವದಿಂದ ಓದುತ್ತೇನೆ, ಆದರೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ಹೆಚ್ಚಾಗಿ ಅಳೆದದ್ದು ರಕ್ತದ ಸೂಚಕಗಳನ್ನು, ಅದೂ ಹೆಚ್ಚೆಂದರೆ ಮೂರು ತಿಂಗಳು. ಹೃದಯಾಘಾತ ಕಡಿಮೆಯಾಯಿತೇ, ಮೂತ್ರಪಿಂಡ ಉಳಿಯಿತೇ ಎಂಬುದಕ್ಕೆ ಇಷ್ಟು ಚಿಕ್ಕ ಗುಂಪುಗಳಿಂದ ಉತ್ತರ ಬರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ: ಪರೀಕ್ಷೆಗೆ ಒಳಗಾದ ವಸ್ತು ನೆಲ್ಲಿಕಾಯಿ ಅಲ್ಲ, ಅದರ ಒಂದು ನಿರ್ದಿಷ್ಟ ಸಾರ. ಒಬ್ಬೊಬ್ಬ ತಯಾರಕನ ಸಾರದಲ್ಲೂ ಟ್ಯಾನಿನ್ ಪ್ರಮಾಣ ಬೇರೆ, ವಿಟಮಿನ್ ಪ್ರಮಾಣ ಬೇರೆ. ಆದರೆ ಫಲಿತಾಂಶ ಪತ್ರಿಕೆಗೆ ಬರುವಾಗ ನೆಲ್ಲಿಕಾಯಿ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದಾಗಿರುತ್ತದೆ. ಸಕ್ಕರೆಪಾಕದಲ್ಲಿ ಅದ್ದಿದ ನೆಲ್ಲಿ ಕ್ಯಾಂಡಿಯೂ ಆ ಕೀರ್ತಿಯಲ್ಲಿ ಪಾಲು ಪಡೆಯುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಆಯುಷ್ ಸಚಿವಾಲಯ ದಿನಕ್ಕೆ 10 ಗ್ರಾಂ ಚ್ಯವನಪ್ರಾಶ ತಿನ್ನಲು ಸಲಹೆ ಮಾಡಿತು. ಅದು ಬೇಯಿಸಿದ ನೆಲ್ಲಿ, ತುಪ್ಪ, ಎಣ್ಣೆ, ಹತ್ತಾರು ಗಿಡಮೂಲಿಕೆ, ಬಹಳಷ್ಟು ಸಕ್ಕರೆ ಸೇರಿದ ಲೇಹ್ಯ. ಹಸಿಕಾಯಿಯ ವಿಟಮಿನ್ ಸಿ ಅಂಕಿಯನ್ನು ಅದಕ್ಕೆ ಅಂಟಿಸುವುದು ರಸಾಯನ ಶಾಸ್ತ್ರಕ್ಕೂ ಸಲ್ಲದು, ಆಯುರ್ವೇದಕ್ಕೂ ಸಲ್ಲದು.

ಆಯುರ್ವೇದವನ್ನು ಗಂಭೀರವಾಗಿ ಪರೀಕ್ಷಿಸುವುದು ಹೇಗೆ ಎಂಬುದಕ್ಕೂ ನಮ್ಮಲ್ಲೇ ಮಾದರಿ ಇದೆ. ಹೃದಯ ಶಸ್ತ್ರಚಿಕಿತ್ಸಕರಾಗಿ, ದೇಶೀ ಹೃದಯ ಕವಾಟ ರೂಪಿಸಿದವರಾಗಿ ಹೆಸರಾದ ಎಂ. ಎಸ್. ವಲಿಯತ್ತಾನ್ ತಮ್ಮ ಜೀವನದ ಕೊನೆಯ ದಶಕಗಳನ್ನು ಮಣಿಪಾಲದಲ್ಲಿ ಕಳೆದರು. ಚರಕ, ಸುಶ್ರುತ, ವಾಗ್ಭಟರನ್ನು ಅಲ್ಲೇ ಕೂತು ಓದಿ ಬರೆದರು. ಆಯುರ್ವೇದದ ಕಲ್ಪನೆಗಳನ್ನು ಮೂಲವಿಜ್ಞಾನದ ಪ್ರಯೋಗಾಲಯಗಳಿಗೆ ಒಯ್ಯುವ ಒಂದು ಯೋಜನೆಗೆ ಚಾಲನೆ ಕೊಟ್ಟರು. ನೆಲ್ಲಿಯಿಂದ ಮಾಡುವ ಆಮಲಕಿ ರಸಾಯನ ಅದರಲ್ಲೊಂದು. ಕೋಟ್ಟಕ್ಕಲ್ ಆರ್ಯವೈದ್ಯಶಾಲೆಯವರು ಶಾಸ್ತ್ರದ ಕ್ರಮದಲ್ಲೇ ತಯಾರಿಸಿಕೊಟ್ಟ ರಸಾಯನವನ್ನು ಬನಾರಸಿನಲ್ಲಿ ಎಸ್. ಸಿ. ಲಖೋಟಿಯಾ ಅವರ ತಂಡ ಹಣ್ಣಿನ ನೊಣಗಳ ಆಹಾರಕ್ಕೆ ಬೆರೆಸಿತು. ನೊಣಗಳ ಆಯಸ್ಸು, ಒತ್ತಡ ತಾಳುವ ಶಕ್ತಿ ಹೆಚ್ಚಿದವು ಎಂದು 2012ರಲ್ಲಿ ಪ್ರಕಟಿಸಿದರು. ಮರುವರ್ಷ, ಹಂಟಿಂಗ್ಟನ್ ಮತ್ತು ಆಲ್ಝೈಮರ್ ರೋಗಗಳ ಮಾದರಿಯಾಗಿ ಬೆಳೆಸಿದ ನೊಣಗಳಲ್ಲಿ ನರಕೋಶಗಳ ನಾಶ ತಗ್ಗಿದ್ದನ್ನು ತೋರಿಸಿದರು. ಮಣಿಪಾಲದ ಜೀವವಿಜ್ಞಾನ ಶಾಲೆಯವರು ನಡುವಯಸ್ಸು ದಾಟಿದ ಆರೋಗ್ಯವಂತರಿಗೆ 45 ದಿನ ಅದೇ ಬಗೆಯ ರಸಾಯನ ಕೊಟ್ಟು ರಕ್ತಕಣಗಳಲ್ಲಿ, ಟೆಲೊಮಿಯರನ್ನು ಕಾಪಾಡುವ ಟೆಲೊಮರೇಸ್ ಕಿಣ್ವವನ್ನು ಅಳೆದರು. ಕಿಣ್ವದ ಚಟುವಟಿಕೆ ಹೆಚ್ಚಿತ್ತು. ವರ್ಣತಂತುಗಳ ತುದಿಯ ಟೆಲೊಮಿಯರ್ ಉದ್ದದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. 2017ರ ಆ ಪ್ರಬಂಧ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿತು. ಮುಪ್ಪು ಮುಂದೂಡುವ ಕಾಯಿ ಎಂದು ಚರಕಸಂಹಿತೆಯೇ ಹೊಗಳಿದ್ದರೂ, ಕಂಡಷ್ಟನ್ನೇ ಹೇಳಿ ನಿಲ್ಲಿಸಿದ ಆ ಸಂಯಮ ನನಗೆ ಅದರ ಫಲಿತಾಂಶಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಸಾರ, ರಸಾಯನ ಎಲ್ಲಕ್ಕೂ ಮೊದಲು ಕಾಯಿ ಬೇಕಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆಮಾರುಗಳಿಂದ ನೆಲ್ಲಿ ಕೊಯ್ಯುತ್ತಿದ್ದಾರೆ. ಅಲ್ಲಿ ನೆಲ್ಲಿ ಎಂದರೆ ಒಂದೇ ಮರವಲ್ಲ: ದೇಶದೆಲ್ಲೆಡೆ ಇರುವ ಫಿಲಾಂಥಸ್ ಎಂಬ್ಲಿಕಾ ಒಂದು, ದಕ್ಷಿಣದ ಒಣಕಾಡಿನಲ್ಲಷ್ಟೇ ಕಾಣುವ, ಕಾಯಿ ದಪ್ಪಗಿರುವ ಫಿಲಾಂಥಸ್ ಇಂಡೋಫಿಶೆರಿ ಇನ್ನೊಂದು. ಮಾರುಕಟ್ಟೆಗೆ ಎರಡೂ ನೆಲ್ಲಿಯೇ. ಉತ್ತರ ಪ್ರದೇಶದ ಪ್ರತಾಪಗಢದ ತೋಟಗಳಿಂದ ಬರುವ ಚಕೈಯಾ, ಬನಾರಸಿ, ಎನ್‌ಎ-7 ತಳಿಗಳ ದೊಡ್ಡ ಕಾಯಿಯೂ ನೆಲ್ಲಿಯೇ. ಒಗರಿನಲ್ಲಿ, ನಾರಿನಲ್ಲಿ, ಹುಳಿಯಲ್ಲಿ ಇವು ಬೇರೆ ಬೇರೆ ಎಂದು ತಿಂದವರಿಗೆಲ್ಲ ಗೊತ್ತು. ಎಷ್ಟೋ ಪ್ರಬಂಧಗಳಲ್ಲಿ ಮಾತ್ರ ಕಾಯಿಯನ್ನು ಸ್ಥಳೀಯ ಮಾರುಕಟ್ಟೆಯಿಂದ ತರಲಾಯಿತು ಎಂಬ ಒಂದು ಸಾಲಿಗೆ ವಿಷಯ ಮುಗಿದಿರುತ್ತದೆ. ಸೋಲಿಗರಿಂದ ವಿಜ್ಞಾನ ಕಲಿತದ್ದೂ ಉಂಟು. ನೆಲ್ಲಿಮರದ ಮೇಲೆ ಬೆಳೆದು ಅದನ್ನು ಕೊಲ್ಲುವ ಬಂದಳಿಕೆಗೆ ಅವರು ಉಪ್ಪಿಲು ಎನ್ನುತ್ತಾರೆ. ಕಾಡಿಗೆ ಸಣ್ಣ ಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಉಪ್ಪಿಲು ಹೆಚ್ಚಿ ಮರಗಳು ಸಾಯುತ್ತಿವೆ ಎಂದು ಅವರು ಹೇಳಿದ್ದನ್ನು ಪರಿಸರ ವಿಜ್ಞಾನಿಗಳು ಕಿವಿಗೊಟ್ಟು ಕೇಳಿ, ಅದರ ಮೇಲೆ ಅಧ್ಯಯನವನ್ನೇ ನಡೆಸಿದರು. 2011ರಲ್ಲಿ ಆ ಬೆಟ್ಟದ ಹುಲಿ ರಕ್ಷಿತಾರಣ್ಯದೊಳಗೇ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಔಷಧಿ ಕಂಪನಿಗಳ ಕಚ್ಚಾಮಾಲಿನ ಮೂಲವಾಗಿ ಮಾತ್ರ ಅವರನ್ನು ಕಂಡಿದ್ದರೆ ಮರ ಯಾಕೆ ಸಾಯುತ್ತಿದೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾದರೆ ಈಗ ಏನನ್ನು ಪರೀಕ್ಷಿಸಬೇಕು? ನಾನು ಒಂದೇ ಒಂದು ಪ್ರಶ್ನೆಯನ್ನು ಮುಂದಿಡುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡ ಜನರಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹತ್ತಿರಹತ್ತಿರ ಅರ್ಧ. ನಮ್ಮ ಊಟದ ಕಬ್ಬಿಣ ಬಹುಪಾಲು ರಾಗಿ, ಕಾಳು, ಸೊಪ್ಪಿನಿಂದ ಬರುವುದು. ಅದರಲ್ಲಿ ಮೈಗೆ ಹತ್ತುವುದು ಅಲ್ಪ. ವಿಟಮಿನ್ ಸಿ ಆ ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ. ಟ್ಯಾನಿನ್ ಅದನ್ನು ಕಟ್ಟಿಹಾಕುತ್ತದೆ, ಈಳಿಗೆಯ ಮೇಲೆ ಕಂಡ ಹಾಗೆ. ನೆಲ್ಲಿಕಾಯಿಯಲ್ಲಿ ಎರಡೂ ಇವೆ, ಎರಡೂ ಹೇರಳವಾಗಿವೆ. ಮುದ್ದೆ, ಸೊಪ್ಪಿನ ಸಾರಿನ ಜೊತೆ ಒಂದು ನೆಲ್ಲಿಕಾಯಿ ತಿಂದರೆ ಯಾವುದು ಗೆಲ್ಲುತ್ತದೆ?

ಇದನ್ನು ಊಹಿಸುತ್ತ ಕೂರಬೇಕಿಲ್ಲ, ಅಳೆಯಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ವಿಕಿರಣವಿಲ್ಲದ ಸ್ಥಿರ ಐಸೋಟೋಪಿನ ಕಬ್ಬಿಣವನ್ನು ಊಟಕ್ಕೆ ಬೆರೆಸಿ, ಅದರಲ್ಲಿ ಎಷ್ಟು ರಕ್ತಕ್ಕೆ ಸೇರಿತು ಎಂದು ಅಳೆಯುವುದರಲ್ಲಿ ಪಳಗಿದವರು. ಯುವತಿಯರಲ್ಲಿ ಚಹಾ ಕಬ್ಬಿಣದ ಹೀರುವಿಕೆಯನ್ನು ತಗ್ಗಿಸುತ್ತದೆ, ಆಸ್ಕಾರ್ಬಿಕ್ ಆಮ್ಲ ಹೆಚ್ಚಿಸುತ್ತದೆ ಎಂದು 2008ರಲ್ಲೇ ತೋರಿಸಿದ್ದಾರೆ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಅದೇ ತಂತ್ರದಿಂದ ಹದಿಹರೆಯದವರಿಗೆ ಅನ್ನದ ಊಟದ ಜೊತೆ ಸೀಬೆಹಣ್ಣು ಕೊಟ್ಟು, ಕಬ್ಬಿಣದ ಹೀರುವಿಕೆ ದುಪ್ಪಟ್ಟಿಗೂ ಮೀರಿ ಏರಿದ್ದನ್ನು 2013ರಲ್ಲಿ ಪ್ರಕಟಿಸಿದರು. ಸೀಬೆಯಲ್ಲಿ ನೆಲ್ಲಿಯಷ್ಟು ಟ್ಯಾನಿನ್ ಇಲ್ಲ, ಹಾಗಾಗಿ ಆ ಫಲಿತಾಂಶವನ್ನು ನೆಲ್ಲಿಗೆ ಎರವಲು ತರುವಂತಿಲ್ಲ. ಸೀಬೆಯ ಜಾಗದಲ್ಲಿ ಹಸಿ ನೆಲ್ಲಿಕಾಯಿ, ಉಪ್ಪುನೀರಿನ ನೆಲ್ಲಿಕಾಯಿ, ಬೇಯಿಸಿ ಒಣಗಿಸಿದ ನೆಲ್ಲಿಚಟ್ಟಿನ ತಂಬುಳಿ, ಈ ಮೂರನ್ನು ಬೇರೆ ಬೇರೆಯಾಗಿ ಇಟ್ಟು ನೋಡಬೇಕು. ಕಾಯಿ ಯಾವ ಜಾತಿ, ಯಾವ ಕಾಡು ಅಥವಾ ತೋಟದ್ದು, ಯಾವ ತಿಂಗಳಿನದು ಎಂಬುದು ದಾಖಲಾಗಬೇಕು. ಅದರಲ್ಲಿನ ವಿಟಮಿನ್ ಸಿ ಮತ್ತು ಟ್ಯಾನಿನ್ನನ್ನು ಬಣ್ಣದ ಹನಿಯಿಂದ ಅಳೆಯದೆ, ಬಿಡಿಬಿಡಿಯಾಗಿ ಅಳೆಯಬೇಕು. ಯಾವ ಕಂಪನಿಗೂ ಇದರಿಂದ ಪೇಟೆಂಟ್ ಸಿಗುವುದಿಲ್ಲವಾದ್ದರಿಂದ ದುಡ್ಡು ಸರಕಾರವೇ ಹಾಕಬೇಕು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಹಂಚಲು ಖರ್ಚು ಮಾಡುವುದರಲ್ಲಿ ಇದು ಲೆಕ್ಕಕ್ಕೇ ಬರದ ಮೊತ್ತ.

ಅದು ಆಗುವವರೆಗೆ ಒಂದು ಎಚ್ಚರಿಕೆಯನ್ನು ಮಾತ್ರ ಖಚಿತವಾಗಿ ಹೇಳಬಹುದು. ನೆಲ್ಲಿಸಾರಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಗ್ಗಿಸುವ ಗುಣ ಇರುವುದನ್ನು ಹೈದರಾಬಾದಿನ ಉಷಾರಾಣಿ ಅವರ ತಂಡವೇ ಕಂಡಿದೆ. ಕ್ಲೋಪಿಡೋಗ್ರೆಲ್, ಆಸ್ಪಿರಿನ್ ನುಂಗುವವರು, ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಸಾರದ ಕ್ಯಾಪ್ಸೂಲನ್ನು ವೈದ್ಯರಿಗೆ ಹೇಳದೆ ಸೇರಿಸಿಕೊಳ್ಳಬಾರದು. ಊಟದ ಜೊತೆಗಿನ ಒಂದೆರಡು ಕಾಯಿಯ ಮಾತು ಬೇರೆ.

ಕಬ್ಬಿಣದ ಪ್ರಶ್ನೆಗೆ ಉತ್ತರ ಯಾವ ಕಡೆ ಬಂದರೂ ಅದು ಬಳಕೆಗೆ ಬರುತ್ತದೆ. ವಿಟಮಿನ್ ಸಿ ಗೆದ್ದರೆ, ಕಾಯಿ ಸಿಗುವ ಚಳಿಗಾಲದ ತಿಂಗಳುಗಳಲ್ಲಿ ಅಂಗನವಾಡಿಯ ಬಸುರಿ ಹೆಂಗಸರ ಊಟಕ್ಕೂ ಶಾಲೆಯ ಬಿಸಿಯೂಟಕ್ಕೂ ಒಂದೊಂದು ಕಾಯಿ ಸೇರಿಸಬಹುದು; ಅದನ್ನು ಕಾಯಿ ಕೊಯ್ಯುವ ಸೋಲಿಗರ ಸೊಸೈಟಿಗಳಿಂದಲೇ ಕೊಳ್ಳಬಹುದು. ಟ್ಯಾನಿನ್ ಗೆದ್ದರೆ, ನೆಲ್ಲಿಕಾಯಿಯನ್ನು ಊಟದ ಎಲೆಯಿಂದ ತೆಗೆದು ಊಟಗಳ ನಡುವಿನ ಹೊತ್ತಿಗೆ ತಿನ್ನಿ, ಕಬ್ಬಿಣದ ಮಾತ್ರೆಯ ಜೊತೆ ನುಂಗಬೇಡಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಬಹುದು. ಹಸಿಕಾಯಿಯಲ್ಲಿ ಒಂದು, ಚಟ್ಟಿನಲ್ಲಿ ಇನ್ನೊಂದು ಗೆದ್ದರೆ ಯಾವುದನ್ನು ಯಾವಾಗ ತಿನ್ನಬೇಕು ಎಂಬುದು ಗೊತ್ತಾಗುತ್ತದೆ.